ಅಪ್ಪನ ಬೆರಳು, ತೊಟ್ಟಿಯ ನೀರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಸುರಂಗದ ಕ್ಯಾಂಪಿನಲ್ಲಿ ಅಷ್ಟು ಜನಕ್ಕೆ ಬೇಯಿಸಿ ಹಾಕಿ ನೀನು ಮಾತ್ರ ನಿಂತುಕೊಂಡೇ ಎರಡು ತುತ್ತು ತಿನ್ನುತ್ತೀಯೆಂದು ಅಮ್ಮನಿಗೆ ಚಿಂತೆ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಭಾನುವಾರ ನೀನು ಫೋನ್ ಮಾಡಿದಾಗ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ.

ಮೊದಲು ನಿನ್ನ ಮೀನಿನ ವಿಷಯ. ಹೋಗುವಾಗ "ನೀರು ಇಪ್ಪತ್ತಾರು ಡಿಗ್ರಿ ಇರಲಿ, ಅಷ್ಟು ಸಾಕು" ಎಂದಿದ್ದೆ. ಆ ಇಪ್ಪತ್ತಾರನ್ನು ಕಂಡುಹಿಡಿಯುವುದೇ ನನಗೆ ದೊಡ್ಡ ಕೆಲಸವಾಯಿತು. ತೊಟ್ಟಿಯ ಗಾಜಿಗೆ ಅಂಟಿಸಿದ್ದ, ಬಿಸಿ ತೋರಿಸುವ ಪಟ್ಟಿ ಒಲೆ ಹಚ್ಚಿದಾಗ ಒಂದು ಹೇಳುತ್ತಿತ್ತು, ಕಿಟಕಿ ತೆರೆದಾಗ ಇನ್ನೊಂದು. ಮೀನಿನಂಗಡಿಯವನು "ಅದು ಅರ್ಧ ನೀರಿಂದು ಹೇಳುತ್ತೆ, ಅರ್ಧ ನಿಮ್ಮ ಅಡುಗೆಮನೇದು" ಎಂದು ನಕ್ಕು, ನೀರೊಳಗೆ ಇಡುವ ಥರ್ಮಾಮೀಟರ್ ಕೊಟ್ಟ. ಹೀಟರಿನಿಂದ ದೂರ, ನೀರು ಓಡಾಡುವ ಕಡೆ ಮುಳುಗಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕಂತೆ. ನನಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಇನ್ನೊಂದನ್ನು ಕೇಳಿ ತಂದು ಎರಡನ್ನೂ ಒಂದೇ ಲೋಟದ ನೀರಿಗೆ ಹಾಕಿದೆ. ಎರಡೂ ಒಂದೇ ಹೇಳಿದವು. ಆಮೇಲೆ ತೊಟ್ಟಿಯಲ್ಲಿ ನೋಡಿದರೆ ಸರಿಯಾಗಿ ಇಪ್ಪತ್ತಾರು.

ಅಪ್ಪ ಒಪ್ಪಲಿಲ್ಲ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹಂಡೆಯ ನೀರಿಗೆ ಎರಡು ಬೆರಳು ಸೋಕಿಸಿಯೇ ನೂಲು ಬಿಡುವ ಹದ ಹೇಳಿದವರು. ಕೆಲಸ ಬಿಟ್ಟರೂ ಆ ಬೆರಳು ಸುಮ್ಮನಿರುವುದಿಲ್ಲ, ನಿನಗೆ ಗೊತ್ತಲ್ಲ. ತೊಟ್ಟಿಗೂ ಅದ್ದಿ, "ಏನೇ ಇದು, ಇಷ್ಟು ತಣ್ಣಗಿದೆ! ಪಾಪ, ನಡುಗ್ತಾ ಇವೆ" ಎಂದು ಹೀಟರಿನ ಗುಂಡಿ ತಿರುಗಿಸಿಬಿಟ್ಟರು. ಬೆಳಿಗ್ಗೆ ನಿನ್ನ ಕೆಂಪು ಮೀನು ಸತ್ತು ತೇಲುತ್ತಿತ್ತು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಥರ್ಮಾಮೀಟರಿನಲ್ಲಿ ಮೂವತ್ತಮೂರು.

ಆವತ್ತು ಸೋದರತ್ತೆಯ ಮನೆಯವರೆಲ್ಲ ಬಂದಿದ್ದರು. ಸಿಟ್ಟಿನಲ್ಲಿ, "ಅಪ್ಪಾ, ನಿಮ್ಮ ಕೈ ರಿಟೈರ್ ಆಯ್ತು, ಇನ್ಮೇಲೆ ಜೇಬಲ್ಲಿಟ್ಕೊಳ್ಳಿ" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯಂತೂ "ಅಬ್ಬಾ, ನಮ್ಮ ಮೂಗಿಗೂ ಮಾತು ಬಂತು!" ಎಂದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ನನಗೆ ಆ ನಗು ಹಿತವಾಯಿತು ಅಣ್ಣಾ. ಆಮೇಲೆ ಮನೆಗೆ ಬಂದವರೆಲ್ಲರ ಮುಂದೆಯೂ ಅದನ್ನೇ ಹೇಳಿದೆ. ಅಪ್ಪನೂ ನಗುತ್ತಿದ್ದರು. ಆದರೆ ಮತ್ತೆ ತೊಟ್ಟಿಯ ಹತ್ತಿರ ಹೋಗಲಿಲ್ಲ.

ಮೊನ್ನೆ ಅಪ್ಪ ಒಲೆಯ ಮೇಲಿನ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಏನೂ ಆಗದವರಂತೆ ಪೇಪರ್ ಓದುತ್ತಾ ಕೂತರು. ಬಲಗೈ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. "ಅಪ್ಪಾ, ಕೈ ಸುಟ್ಟಿದೆ" ಎಂದರೆ, "ಎಲ್ಲೇ?" ಎಂದು ಎಡಗೈ ನೋಡಿಕೊಂಡರು. ಥರ್ಮಾಮೀಟರ್ ಸರಿಯೇ ಎಂದು ಲೋಟದಲ್ಲಿ ಹಾಕಿ ಪರೀಕ್ಷೆ ಮಾಡಿದವಳು, ಅಪ್ಪನ ಕೈ ಯಾಕೆ ತಪ್ಪು ಹೇಳಿತು ಎಂದು ಒಂದು ಸಲವೂ ಯೋಚಿಸಲಿಲ್ಲ. ನಿಮ್ಮ ಕೈಗೆ ಬಿಸಿಯೇ ಗೊತ್ತಾಗುತ್ತಿಲ್ಲ, ಡಾಕ್ಟರಿಗೆ ತೋರಿಸೋಣ ಎಂದೆ. "ಗೊತ್ತಮ್ಮಾ, ರಿಟೈರ್ ಆಗಿದೆ" ಎಂದು ನಕ್ಕು ಕೈಯನ್ನು ಜೇಬಿಗೆ ಹಾಕಿಕೊಂಡರು. ಅಮ್ಮನೂ ನಕ್ಕಳು. ನಾನು ಅಳುತ್ತಾ ಹೇಳಿದರೂ ಅವರಿಗೆ ಅದು ಹಳೇ ತಮಾಷೆಯೇ. ನನ್ನ ಮಾತನ್ನು ನಾನೇ ಕೆಡಿಸಿಕೊಂಡೆ.

ನೀನು ಹೊತ್ತಿಗೆ ಸರಿಯಾಗಿ ಕೂತು ಉಣ್ಣಬೇಕಂತೆ. ಅದೇ ಅಮ್ಮನ ಆಶೀರ್ವಾದ. ಕೆಂಪು ಮೀನಿಗಾಗಿ ಬೈಯುವುದಿದ್ದರೆ ನನ್ನನ್ನೇ ಬೈ.

ನಿನ್ನ ತಂಗಿ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಕಾರ್ಖಾನೆಯವರು ಬಂದು ಹೋದರು. ಹೊಸಬರಿಗೆ ಹದ ಸಿಗುತ್ತಿಲ್ಲವಂತೆ, ಮುಂದಿನ ತಿಂಗಳಿಂದ ಅಪ್ಪನನ್ನು ಮತ್ತೆ ಕರೆದಿದ್ದಾರೆ. ಅಪ್ಪ ಆಗಲೇ ಹಳೆಯ ಷರ್ಟು ಹುಡುಕುತ್ತಿದ್ದಾರೆ, ಅಷ್ಟು ಖುಷಿ. ನೀನು ಭಾನುವಾರದವರೆಗೆ ಕಾಯಬೇಡ, ಕಾಗದ ಕೈಗೆ ಸಿಕ್ಕ ದಿನವೇ ಫೋನ್ ಮಾಡಿ ಮೊದಲು ಡಾಕ್ಟರಿಗೆ ತೋರಿಸಿ ಅನ್ನು. ತಂಗಿ ಬರೆದಳು ಅಂತಲೇ ಹೇಳು. ಅಲ್ಲಿ ಹಂಡೆಗಳು ಕುದಿಯುತ್ತಿರುತ್ತವೆ ಅಣ್ಣಾ, ಬಿಸಿ ತಾಕುವವರೆಗೆ ಅಪ್ಪ ಬೆರಳು ತೆಗೆಯುವುದಿಲ್ಲ.