ಜರಡಿಯಲ್ಲಿ ಉಳಿದ ಸದ್ದು

ಮನೆಯಿಂದ, ಮಹಡಿಯ ಚಿಕ್ಕ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ‘ರೀ’ ಅವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಕಾವಿಗೆ ಕೈಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಮುಲಾಮು ಕೊಟ್ಟರೆ ಹಚ್ಚಿಕೊಳ್ಳದೆ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಳ್ಳುವ ಆಸಾಮಿ ನೀವು, ನನಗೆ ಗೊತ್ತಿಲ್ಲವೇ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾವಿಬ್ಬರೂ ಚೆನ್ನಾಗಿದ್ದೇವೆ. ನಾನೂ ನಿಮ್ಮ ಅಮ್ಮನೂ ಜಗಳವಾಡದೆ ಇದ್ದೇವೆ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ದಿನಕ್ಕೊಂದು ಚಿಕ್ಕದು ಆಡುತ್ತೇವೆ ಎಂದೇ ಬರೆಯುತ್ತೇನೆ. ಹಡಗಿನಲ್ಲಿ ನೆಟ್ ಸಿಕ್ಕರೂ ನಾಲ್ಕು ಸಾಲು ಹೋಗುವಷ್ಟರಲ್ಲಿ ಕಡಿಯುತ್ತದೆ. ನನಗೋ ನಾಲ್ಕು ಸಾಲಿನಲ್ಲಿ ಮುಗಿಸಿ ಅಭ್ಯಾಸವಿಲ್ಲ. ಅದಕ್ಕೇ ಈ ಕಾಗದ. ನೀವು ಮುಂದಿನ ಬಂದರು ಮುಟ್ಟುವ ಹೊತ್ತಿಗೆ ಇದೂ ಮುಟ್ಟಲಿ.

ಅತ್ತೆಯ ಬಲಗಿವಿ ನೀವಿರುವಾಗಲೇ ಕೈಕೊಟ್ಟಿತ್ತಲ್ಲ. ಎಡಗಿವಿಯಲ್ಲಿ ದಪ್ಪ ಸದ್ದು ಕೇಳುತ್ತದೆ, ಸಣ್ಣದು ಕೇಳುವುದಿಲ್ಲ. ಬಾಗಿಲು ಬಡಿದದ್ದು ಗೊತ್ತಾಗುತ್ತದೆ, ಕರೆಗಂಟೆ ಗೊತ್ತಾಗುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಅರ್ಧ ಊರಿನ ದನಿ ಗುರುತಿಟ್ಟುಕೊಂಡಿದ್ದವರಿಗೆ ಇದು ಎಂಥ ಶಿಕ್ಷೆಯೋ. ಕಿವಿಗೆ ಯಂತ್ರ ಹಾಕಿಸಿದೆ. ಮಾತು ಪರವಾಗಿಲ್ಲ ಎನ್ನುವಷ್ಟು ಸುಧಾರಿಸಿತು. ಆದರೆ ನಿಮ್ಮ ಕೊಳಲಿನ ರೆಕಾರ್ಡಿಂಗ್ ಹಾಕಿದ ದಿನ ಯಂತ್ರವನ್ನು ಕಿತ್ತು ಮೇಜಿನ ಮೇಲಿಟ್ಟು, “ತಗಡು ಗೀರಿದ ಹಾಗಿದೆ ಕಣೇ. ನನ್ನ ಮಗನ್ನ ಹಾಳು ಮಾಡ್ಬಿಡ್ತು ಇದು” ಎಂದರು. ಆಮೇಲೆ ಕೊಳಲು ಹಾಕು ಎಂದು ಕೇಳುವುದನ್ನೇ ಬಿಟ್ಟರು. ಸಂಜೆ ನೀವು ನುಡಿಸುತ್ತಿದ್ದ ಹೊತ್ತಿಗೆ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದನ್ನು ಮಾತ್ರ ಬಿಡಲಿಲ್ಲ. ಏನೂ ಕೇಳದೆ ಸುಮ್ಮನೆ ಕೂತಿರುತ್ತಿದ್ದರು.

ನನ್ನ ಕಸುಬೇ ಸದ್ದು ತಿದ್ದುವುದು. ಮನೆಯಲ್ಲೇ ರೋಗಿಯನ್ನಿಟ್ಟುಕೊಂಡು ಊರಿಗೆಲ್ಲ ಮದ್ದು ಹಂಚುತ್ತಿದ್ದೇನಲ್ಲ ಎನ್ನಿಸಿತು. ನಾನು ಬರೆಯುವ ಪ್ಲಗಿನ್‌ಗಳು ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಕೂತು ಸದ್ದಿನ ರುಚಿ ಬದಲಿಸುವ ಪುಟ್ಟ ಪ್ರೋಗ್ರಾಮುಗಳು. “ಅಡುಗೆ ಇನ್ಯಾರದೋ, ಒಗ್ಗರಣೆ ನಿಂದು” ಎಂದು ನೀವು ಆಡಿಕೊಳ್ಳುತ್ತೀರಲ್ಲ, ಅವೇ. ಅಂಥದೊಂದನ್ನು ಅತ್ತೆಗಾಗಿಯೇ ಬರೆದು, ಅವರು ಮಡಿಲಲ್ಲಿಟ್ಟುಕೊಳ್ಳುವಂಥ ಪೆಟ್ಟಿಗೆಯೊಳಗೆ ಕೂರಿಸೋಣ ಎಂದು ಹೊರಟೆ. ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ, ಅದನ್ನು ನಡೆಸಲು, ಲಿನಕ್ಸ್ ಹಾಕಿದೆ. ಜೊತೆಗೊಂದು ಸೌಂಡ್ ಕಾರ್ಡು, ಮೈಕು, ಹೆಡ್‌ಫೋನು ಸಿಕ್ಕಿಸಲು ತೂತು, ತಿರುಗಿಸಲು ಗುಂಡಿಗಳು. ಎಲ್ಲವೂ ಬಿಸ್ಕತ್ತಿನ ಖಾಲಿ ಡಬ್ಬಿಯೊಳಗೆ ಸೇರಿದವು. ಬೆಸುಗೆ ನಿಮ್ಮ ಕೈಯದ್ದಾಗಿದ್ದರೆ ಚೆನ್ನಾಗಿರುತ್ತಿತ್ತು. ನನ್ನದು ನೆಗಡಿಯಾದ ಮಗುವಿನ ಮೂಗಿನ ಹಾಗಿದೆ. ಲಿನಕ್ಸೇ ಯಾಕೆ ಎಂದು ನೀವು ಕೇಳುವವರೇ. ಅದರ ಹೊಟ್ಟೆ ಬಗೆದು ನೋಡಬಹುದು, ಬೇಡದ್ದನ್ನು ಕಿತ್ತೆಸೆಯಬಹುದು, ಯಾರ ಅಪ್ಪಣೆಯೂ ಬೇಡ.

ಮೊದಲ ದಿನ ಅತ್ತೆ ಹೆಡ್‌ಫೋನ್ ಹಾಕಿಕೊಂಡು ನನ್ನ ಮುಖ ನೋಡಿ ನಕ್ಕುಬಿಟ್ಟರು. “ಬಾಯಿ ಮೊದ್ಲು, ಮಾತು ಆಮೇಲೆ. ಡಬ್ಬಿಂಗ್ ಸಿನಿಮಾ ಆದ್ಯಲ್ಲೇ ನೀನು!” ತಪ್ಪು ಅವರದಲ್ಲ. ಕಂಪ್ಯೂಟರು ಸದ್ದನ್ನು ಧಾರೆಯಾಗಿ ಹರಿಸುವುದಿಲ್ಲ, ಚೊಂಬಿನಲ್ಲಿ ಹಿಡಿಹಿಡಿದು ಸುರಿಯುತ್ತದೆ. ಚೊಂಬು ದೊಡ್ಡದಾದರೆ ತುಂಬುವವರೆಗೆ ಕಾಯಬೇಕು. ಚಿಕ್ಕದು ಮಾಡಿದೆ. ಈಗ ಆ ಬಡಪಾಯಿ ಬೋರ್ಡಿನ ಕೈ ಸಾಲದೆ ನಡುನಡುವೆ ಚೆಲ್ಲಿ, ಕಿವಿಯಲ್ಲಿ ಪಟಪಟ ಸಿಡಿಯತೊಡಗಿತು. ಲಿನಕ್ಸಿನಲ್ಲಿ ಸಂಗೀತದ ಕೆಲಸ ಮಾಡುವವರ ಗುಂಪಿನಲ್ಲಿ ಗೋಳು ತೋಡಿಕೊಂಡೆ. ಅಲ್ಲಿ ‘ಮರಕುಟಿಗ’ ಎಂಬ ಅಡ್ಡಹೆಸರಿನವರೊಬ್ಬರಿದ್ದಾರೆ, ಮುಖ ಕಂಡವರಿಲ್ಲ. “ಮೊದಲು ವೈಫೈ ಆಫ್ ಮಾಡಿ, ಆಮೇಲೆ ಅಳಿ” ಎಂದು ಬರೆದರು. ಸದ್ದಿನ ಕೆಲಸ ಬಂದಾಗ ಮಿಕ್ಕ ಕೆಲಸಗಳೆಲ್ಲ ಎದ್ದು ದಾರಿ ಬಿಡುವ ಹಾಗೆ ಲಿನಕ್ಸನ್ನು ಹದಗೊಳಿಸುವುದನ್ನೂ ತಾಳ್ಮೆಯಿಂದ ಹೇಳಿಕೊಟ್ಟರು. ಸಿಡಿತ ನಿಂತಿತು. ಅತ್ತೆಗೆ ನನ್ನ ಮಾತು ಬಾಯಿಯ ಜೊತೆಗೇ ಕೇಳಿಸಿತು. ನನ್ನ ಖುಷಿ ಹೇಳತೀರದು.

ಮುಂದಿನದು ನಿಮ್ಮ ಕೊಳಲು. ಅವರಿಗೆ ದಕ್ಕದ ಎತ್ತರದ ಸ್ವರಗಳನ್ನು ದಕ್ಕುವ ಮಟ್ಟಕ್ಕೆ ಇಳಿಸುವ ಪ್ಲಗಿನ್ ಬರೆದೆ. ಅದಕ್ಕಾಗಿ ಎಷ್ಟು ಗುದ್ದಾಡಿದೆನೋ, ಎಷ್ಟು ಸಲ ಅನ್ನ ತಳ ಹಿಡಿಸಿದೆನೋ. ಅತ್ತೆ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. ಹೆಡ್‌ಫೋನ್ ತೆಗೆದು ಬಹಳ ಮೆತ್ತಗೆ, “ಚೆನ್ನಾಗಿ ನುಡಿಸ್ತಾರೆ. ಯಾರಿದು?” ಎಂದರು.

ರೀ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ಆಗಲೇ ಹಿಂಡಿ ಹರವಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಹಿಂಡಿದೆ.

ಕೆಲವು ದಿನ ಡಬ್ಬಿಯನ್ನು ಮಾತಿಗೆ ಮಾತ್ರ ಬಳಸಿದೆವು. ಒಂದು ಮಧ್ಯಾಹ್ನ ಅತ್ತೆ ಅದನ್ನು ಹಾಕಿಕೊಂಡೇ ಬಟಾಣಿ ಬಿಡಿಸುತ್ತಿದ್ದರು. ನಾನು ಬೇರೆ ಯಾವುದೋ ಫೈಲು ಹುಡುಕುತ್ತಾ ಕೈತಪ್ಪಿ ನಿಮ್ಮ ಕಚ್ಚಾ ರೆಕಾರ್ಡಿಂಗ್ ಹಾಕಿಬಿಟ್ಟೆ. ನಾನು ತೊಳೆದು ಬಳಿದು ಚೊಕ್ಕ ಮಾಡಿಟ್ಟದ್ದಲ್ಲ, ಅದಕ್ಕೂ ಮೊದಲಿನದು. ಕುರ್ಚಿ ಕಿರುಗುಟ್ಟುವುದು, ಬೆರಳು ತೂತಿನ ಮೇಲೆ ಟಪ್ಪೆಂದು ಬೀಳುವುದು, ಸಾಲಿನ ಕೊನೆಗೆ ಬಾವಿಯಿಂದ ನೀರು ಸೇದಿದ ಹಾಗೆ ನೀವು ಉಸಿರೆಳೆಯುವುದು, ಎಲ್ಲವೂ ಅದರಲ್ಲಿತ್ತು. ನಿಲ್ಲಿಸಲು ಹೋದೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. “ತೆಗೀಬೇಡ. ತೆಗೀಬೇಡ ಅದನ್ನ.” ಯಾವುದನ್ನು ಅತ್ತೆ ಎಂದೆ. “ಉಸಿರೆಳ್ಕೊಂಡ ನೋಡು! ಈಗ ಕಾಲು ಬಡೀತಿದಾನೆ ನೆಲಕ್ಕೆ. ಕಾಲು ಆಡಿಸ್ಬೇಡವೋ ಅಂತ ಎಷ್ಟು ವರ್ಷ ಬಡ್ಕೊಂಡೆ, ಕೇಳಿದ್ನಾ ಇವನು?” ಬೈಯುತ್ತಲೇ ಇದ್ದರು, ಕಣ್ಣೀರು ಇಳಿಯುತ್ತಲೇ ಇತ್ತು. ಮಡಿಲಿನ ಬಟಾಣಿ ನೆಲದ ತುಂಬ ಉರುಳಿತು. ಯಾರೂ ಹೆಕ್ಕಲಿಲ್ಲ.

ಇಷ್ಟು ವರ್ಷ ನಾನು ಕಸ ಎಂದು ಗುಡಿಸಿ ಹಾಕುತ್ತಿದ್ದದ್ದರಲ್ಲೇ ನೀವಿದ್ದಿರಿ. ಆ ಸದ್ದುಗಳೆಲ್ಲ ಬಹುಪಾಲು ದಪ್ಪನೆಯವು, ಅವರ ಎಡಗಿವಿಗೆ ಇನ್ನೂ ಎಟುಕುವಂಥವು. ಮಾರನೆಯ ಬೆಳಿಗ್ಗೆಯೇ, ಆ ಕಸ ಗುಡಿಸುತ್ತಿದ್ದ ನನ್ನ ಹಳೆಯ ಪ್ಲಗಿನ್ನನ್ನು ತಲೆಕೆಳಗು ಮಾಡಲು ಕೂತೆ. ಅಕ್ಕಿ ಚೆಲ್ಲಿ ತೌಡು ಇಟ್ಟುಕೊಳ್ಳುವ ಜರಡಿ ಅದು. ಸ್ವರವನ್ನು ಹಿಂದಕ್ಕೆ ಸರಿಸಿ, ಉಸಿರು, ಬೆರಳು, ಕಾಲುಗಳನ್ನು ಮುಂದಕ್ಕೆ ತರುತ್ತದೆ. ‘ಕಾಲು ಆಡಿಸಬೇಡ’ ಎಂದೇ ಹೆಸರಿಟ್ಟು, ಬೇಕಾದವರು ತಗೊಳ್ಳಲಿ ಎಂದು ಗುಂಪಿನಲ್ಲಿ ಹಾಕಿದೆ. ಇದರಿಂದ ಯಾರಿಗೇನು ಉಪಯೋಗ ಎಂದು ಒಬ್ಬರು ನಕ್ಕರು. ಮರಕುಟಿಗ ಮಾತ್ರ ನನಗೆ ಬೇರೆಯಾಗಿ ಬರೆದರು: “ನನ್ನ ತಂಗಿ ಹಾಡೋಕೆ ಮುಂಚೆ ಎರಡು ಸಲ ಗಂಟಲು ಸರಿ ಮಾಡ್ಕೊಳ್ತಿದ್ಲು. ಹಳೇ ಟೇಪು ಹುಡುಕ್ತಾ ಇದೀನಿ.” ಸಿಗಲಿ ಎಂದಷ್ಟೇ ಬರೆದೆ.

ಈಗ ಸಂಜೆ ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಗುಂಡಿ ತಿರುಗಿಸಲು ನನ್ನನ್ನು ಬಿಡುವುದಿಲ್ಲ. ನಿಮ್ಮೊಡನೆ ವಾದ ಮಾಡುತ್ತಾರೆ, ಬೆನ್ನು ನೆಟ್ಟಗೆ ಮಾಡೋ ಎನ್ನುತ್ತಾರೆ. ನಾನು ಪಕ್ಕದಲ್ಲಿ ಸೊಪ್ಪು ಹೆಚ್ಚುತ್ತಾ ಕೂತಿರುತ್ತೇನೆ. ಅವರು ಎದ್ದು ಹೋದ ಮೇಲೆ ಒಮ್ಮೊಮ್ಮೆ ಹೆಡ್‌ಫೋನನ್ನು ನಾನೂ ಹಾಕಿಕೊಳ್ಳುತ್ತೇನೆ. ಅದರ ಬಿಸುಪು ಇನ್ನೂ ಆರಿರುವುದಿಲ್ಲ. ಮೈಕನ್ನು ನಾನು ಹೇಗಿಟ್ಟಿದ್ದೆನೋ, ನಿಮ್ಮ ಉಸಿರು ನನಗೆ ಎಡಗಡೆಯಿಂದ ಬರುತ್ತದೆ. ಹಾಸಿಗೆಯಲ್ಲೂ ನೀವು ಎಡಕ್ಕೇ. ಇದಕ್ಕಿಂತ ಹೆಚ್ಚು ಬರೆದರೆ ಅಕ್ಷರ ಕದಡಿ ನಿಮಗೆ ಓದಲಾಗದು.

ಅತ್ತೆಯ ಆಶೀರ್ವಾದ ಈ ಕಾಗದದ ಮಡಿಕೆ ಮಡಿಕೆಯಲ್ಲೂ ಇದೆ ಎಂದು ತಿಳಿಯಿರಿ. ಬಿಸಿ ಪೈಪುಗಳ ಹತ್ತಿರ ಹುಷಾರು. ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ಹೇಳಿ.

ದಾರಿ ಕಾಯುತ್ತಿರುವ,
ನಿಮ್ಮ ಒಗ್ಗರಣೆಯವಳು

ತಾ. ಕ.: ಅತ್ತೆ ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಹಡಗಿನ ಕರಾರನ್ನು ಇನ್ನೊಂದು ವರ್ಷ ಮುಂದುವರಿಸಲೇ ಎಂದು ಕೇಳಿದ್ದಿರಿ. ಬೇಡ. ಸಹಿ ಹಾಕಬೇಡಿ. ಎಡಗಿವಿಯೂ ಮುಚ್ಚುತ್ತಾ ಬಂದಿದೆ, ಮಳೆಗಾಲದವರೆಗೆ ಉಳಿಯುವುದು ಕಷ್ಟ ಎಂದು ಕಿವಿ ಡಾಕ್ಟರು ಹೇಳಿದ್ದಾರೆ. ಆಮೇಲೆ ನಾನು ಎಂಥ ಡಬ್ಬಿ ಮಾಡಿದರೂ ಸದ್ದು ಒಳಗೆ ಇಳಿಯುವುದಿಲ್ಲ. “ಅವನಿಗೆ ಬರೀಬೇಡ ಕಣೇ, ಎದ್ನೋ ಬಿದ್ನೋ ಅಂತ ಓಡಿಬರ್ತಾನೆ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಓಡಿ ಬನ್ನಿ. ಈಗ ಬಂದರೆ ನಿಮ್ಮನ್ನು ಕೇಳುತ್ತಾರೆ. ತಡಮಾಡಿದರೆ ಬರೀ ನೋಡುತ್ತಾರೆ.