ಬೆರೆಯುತ್ತದೆಯೇ? ಹೌದು / ಇಲ್ಲ

ಮಕ್ಕಳ ಬೆಳವಣಿಗೆ ತಪಾಸಣಾ ಕೇಂದ್ರದ ಮುಖ್ಯಾಧಿಕಾರಿಗಳೇ,

ಹತ್ತು ತಿಂಗಳು ಅಕ್ಕನಿಂದ ಮುಚ್ಚಿಟ್ಟದ್ದನ್ನು ಈಗ ಊರಿಗೆಲ್ಲ ಕೇಳುವಂತೆ ಒಪ್ಪಿಕೊಳ್ಳುತ್ತೇನೆ. ನಿಮ್ಮ ಅರ್ಜಿಯ ಒಂಬತ್ತನೇ ಪ್ರಶ್ನೆಗೆ ಸುಳ್ಳು ಉತ್ತರ ಬರೆದವಳು ನಾನು. ‘ಮಗು ಇತರ ಮಕ್ಕಳೊಡನೆ ಬೆರೆಯುತ್ತದೆಯೇ?’ ತನ್ನ ಮಗಳ ಬಗ್ಗೆ ‘ಇಲ್ಲ’ ಎಂದು ಬರೆಯಲು ಅಕ್ಕನಿಗೆ ಕೈ ಬರಲಿಲ್ಲ. ಅರ್ಜಿ ನನಗೆ ಕೊಟ್ಟು ಒಳಗೆ ಹೋದಳು. ನಾನು ‘ಹೌದು’ ಎಂದು ಗುರುತು ಹಾಕಿದೆ.

ಎಂಟನೇ ತರಗತಿಗೇ ಶಾಲೆಗೆ ಶರಣು ಹೊಡೆದ ನಾನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವಳು. ಡಬ್ಬವನ್ನು ಯಂತ್ರಕ್ಕೆ ಸಿಕ್ಕಿಸಿ ಮೂರು ನಿಮಿಷ ಕುಲುಕಿದರೆ ಎಂಥ ಬಣ್ಣವೂ ಬೆರೆಯುತ್ತದೆ. ಐದು ವರ್ಷದ ಹುಡುಗಿ ಬೆರೆಯದೆ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡೆ. ಎಣ್ಣೆ ಬಣ್ಣವೂ ನೀರಿನ ಬಣ್ಣವೂ ಎಷ್ಟು ಕುಲುಕಿದರೂ ಬೆರೆಯವು ಎಂಬುದನ್ನು ಮಾತ್ರ ಮರೆತಿದ್ದೆ. ಶಿಶುವಿಹಾರದಲ್ಲಿ ಅವಳು ಗೋಡೆಗೆ ಮುಖಮಾಡಿ ನಿಲ್ಲುತ್ತಾಳೆ. ಯಾರಾದರೂ ಕೈ ಹಿಡಿದರೆ ಚೀರುತ್ತಾಳೆ. ಅದೇ ಹುಡುಗಿ ನಮ್ಮಂಗಡಿಯ ಅರವತ್ತು ಬಗೆಯ ಬಿಳಿ ಬಣ್ಣದ ಮಾದರಿ ಚೀಟಿಗಳನ್ನು ತಪ್ಪಿಲ್ಲದೆ ಸಾಲಾಗಿ ಜೋಡಿಸುತ್ತಾಳೆ. ಅಕ್ಕಪಕ್ಕದವರು ಮುಚ್ಚಳ ತೆಗೆಯದೆಯೇ ಹೆಸರು ಅಂಟಿಸಿಯಾಗಿದೆ: ಮೂಗಿ, ಸೊಕ್ಕಿನವಳು. ತಿಳಿದವರು ನೋಡಿ ಹೇಳಲಿ ಎಂದೇ ನಿಮ್ಮಲ್ಲಿಗೆ ಬಂದದ್ದು.

ಹತ್ತು ತಿಂಗಳಾದರೂ ಕರೆ ಬಾರದಿದ್ದಾಗ ಅಕ್ಕ, ಹುಡುಗಿ, ನಾನು ಮೂವರೂ ನಿಮ್ಮ ಕಿಟಕಿಗೆ ಬಂದೆವು. ಗುಮಾಸ್ತರು ಕಡತ ತೆಗೆದರು.

“ಮಗು ಬೆರೆಯುತ್ತೆ ಅಂತ ನೀವೇ ಬರೆದಿದ್ದೀರಲ್ಲಮ್ಮ! ಮತ್ತೆ ತಪಾಸಣೆ ಯಾತಕ್ಕೆ?”

ಅಕ್ಕ ನನ್ನತ್ತ ತಿರುಗಿದಳು. “ಸ್ಕೂಲಲ್ಲೂ ಹಿಂಗೇ ಉತ್ತರ ಬರೀತಿದ್ಯೇನೇ?”

“ತಪ್ಪಾಯ್ತು ಸಾರ್, ತಿದ್ದಿ ಕೊಡ್ತೀನಿ,” ಎಂದೆ.

“ತಿದ್ದಿದ್ದು ನಡೆಯಲ್ಲ.”

“ಹೊಸ ಅರ್ಜಿ ಕೊಡ್ಲಾ?”

“ಒಂದು ಮಗೂಗೆ ಒಂದೇ ಅರ್ಜಿ.”

“ಹಂಗಾದ್ರೆ ಬೇರೆ ಮಗು ತರ್ಲಾ ಸಾರ್?”

ಅವರು ನಗಲಿಲ್ಲ. ನಮ್ಮ ಹುಡುಗಿ ಅವರ ಮುಖ ನೋಡಲಿಲ್ಲ, ನಿಜ. ಅವರೂ ಅವಳ ಮುಖ ನೋಡಲಿಲ್ಲ. ಇಬ್ಬರಲ್ಲಿ ತಪಾಸಣೆ ಯಾರಿಗೆ ಮೊದಲು ಆಗಬೇಕು?

ನಿಮ್ಮ ಪ್ರಶ್ನೆಗಳನ್ನೇ ಕೇಳುತ್ತೇನೆ. ಕರೆದರೆ ತಿರುಗಿ ನೋಡುತ್ತದೆಯೇ? ಕಿಟಕಿಯಲ್ಲಿ ಐದು ಸಲ ಕೂಗಿದೆವು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆಯೇ? ವಿಚಾರಿಸಿದಾಗಲೆಲ್ಲ ‘ಮುಂದಿನ ವಾರ ಬನ್ನಿ.’ ದಿನಚರಿ ಕೆಟ್ಟರೆ ಸಿಡುಕುತ್ತದೆಯೇ? ಚಹಾದ ಹೊತ್ತಿಗೆ ಬಂದು ನೋಡಿ. ಮಾನ್ಯರೇ, ನಿಮ್ಮ ಕಚೇರಿಗೆ ತುರ್ತಾಗಿ ತಪಾಸಣೆ ಬೇಕು. ಅರ್ಜಿ ನಾನೇ ತುಂಬಿಕೊಡುತ್ತೇನೆ, ಈ ಸಲ ಸುಳ್ಳಿಲ್ಲದೆ.

ಶಾಲೆ ತೆರೆಯಲು ಮೂರು ವಾರವಿದೆ. ವರದಿ ಇಲ್ಲದೆ ಒಂದನೇ ತರಗತಿಗೆ ಸೇರಿಸಿಕೊಳ್ಳುವುದಿಲ್ಲವಂತೆ. ಶಾಲೆ ಬಿಟ್ಟವಳು ಮನೆಗೆ ನಾನೊಬ್ಬಳೇ ಸಾಲದೇ? ನಾನಾದರೂ ಒಳಗೆ ಹೋಗಿ ಬೇಸತ್ತು ಬಿಟ್ಟೆ. ಅವಳಿಗೆ ಆ ಭಾಗ್ಯವೂ ಬೇಡವೇ?

ದೂರದ ಊರಿನ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದೆ. ಅಲ್ಲಿಯ ಡಾಕ್ಟರಮ್ಮ ಒಂದೇ ಮಾತು ಕೇಳಿದರು: “ಮಗೂಗೆ ಏನು ಇಷ್ಟ?” ಬಿಳಿ ಚೀಟಿಗಳ ವಿಷಯ ಹೇಳಿದೆ. “ಅವನ್ನೂ ತನ್ನಿ,” ಎಂದರು.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ: ಆ ಅರ್ಜಿಯಲ್ಲಿ ತಪ್ಪು ತಿದ್ದಲು ಜಾಗ ಕೊಡಿ. ನಾಚಿಕೆಗೆ, ಆಸೆಗೆ ‘ಹೌದು’ ಎಂದು ಬರೆಯುವವರು ನನ್ನ ಹಿಂದೆಯೂ ಸಾಲುಗಟ್ಟಿದ್ದಾರೆ.

ಇಂತಿ,
ಊರಿಗೆಲ್ಲ ಬಣ್ಣ ಬೆರೆಸಿ, ಒಂಬತ್ತನೇ ಪ್ರಶ್ನೆಯಲ್ಲಿ ಫೇಲಾದ ಚಿಕ್ಕಮ್ಮ

ತಾ.ಕ.: ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಆ ಡಾಕ್ಟರಮ್ಮನ ಆಸ್ಪತ್ರೆಗೆ ನಾವು ಮೂವರೂ ಹೊರಡುತ್ತಿದ್ದೇವೆ.