ತೊಟ್ಟಿಲೆಂದು ನೀವು ನಗಲಿರುವ ಗಾಡಿ

ಹುಬ್ಬಳ್ಳಿ, ಫೆಬ್ರವರಿ 30, 2171

ವಿರೂಪಾಕ್ಷಪ್ಪ ಅಂಗಡಿ ಅವರಿಗೆ,

ತಾರೀಖು ತಪ್ಪಿ ಬಿದ್ದಿಲ್ಲ. ತಿಂಗಳುಗಳನ್ನೆಲ್ಲ ನಾವು ಸಮ ಮಾಡಿಕೊಂಡು ಬಹಳ ಕಾಲವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ, ಮಾತು ಎಲ್ಲಾದರೂ ಒರಟಾಗಿ ಕಂಡರೆ ಮನ್ನಿಸಿ. ಹಿರಿಯರಿಗೆ ‘ಪೂಜ್ಯ’ ಎಂದು ಬರೆಯುವುದು ನಿಮ್ಮ ರೂಢಿಯಂತೆ. ಅದನ್ನು ಮಾತ್ರ ನಾನು ಬೇಕೆಂದೇ ಬಿಟ್ಟಿದ್ದೇನೆ.

ನಾನು ನಿಮ್ಮ ವಂಶದವಳು. ನಿಮ್ಮ ಹೆಂಡತಿ ಗೌರವ್ವ ತಮ್ಮ ಮೊಮ್ಮಗಳಿಗೆ ಹೇಳಿದ್ದು ಬಾಯಿಂದ ಬಾಯಿಗೆ ಇಳಿದು ನನ್ನವರೆಗೆ ಬಂದಿದೆ. ನಿಮಗೆ ಇದಿನ್ನೂ ನಡೆದಿಲ್ಲ. ನನಗೆ ಮುಗಿದ ಕಥೆ, ಮುಗಿದಂತೆಯೇ ಹೇಳುತ್ತೇನೆ.

ನಮ್ಮಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಓಡಾಟಕ್ಕೆ ‘ಒಯ್ಯುಗ’ಗಳಿವೆ. ಒಯ್ಯುಗವೆಂದರೆ ಸ್ಟೇರಿಂಗೂ ಇಲ್ಲದ, ಪೆಡಲ್ಲೂ ಇಲ್ಲದ ಒಂದು ಪುಟ್ಟ ಕೋಣೆ. ಬೆಳಿಗ್ಗೆ ನನ್ನ ಮಗಳು ಅದರಲ್ಲಿ ಅರೆನಿದ್ದೆಯಲ್ಲಿ ಕೂತು ರೊಟ್ಟಿ ತಿನ್ನುತ್ತಾ ಧಾರವಾಡದ ಶಾಲೆ ಸೇರುತ್ತಾಳೆ. ನಿಮ್ಮ ಕೂಟ ರೇಸು ನಡೆಸುತ್ತಿದ್ದ ಕೆಮ್ಮಣ್ಣಿನ ಬಯಲಲ್ಲಿ ಈಗ ಈರುಳ್ಳಿ ಒಣಗಿಸುತ್ತಾರೆ. ಮನುಷ್ಯ ತಾನೇ ಓಡಿಸುತ್ತಿದ್ದ ಗಾಡಿಗಳಿಗೆಲ್ಲ ನಮ್ಮಲ್ಲಿ ಒಂದೇ ಹೆಸರು, ‘ಕೈಗಾಡಿ’. ಕ್ಲಚ್ಚಿರಲಿ ಬಿಡಲಿ, ಗೇರು ಕೈಯಿಂದ ಬೀಳಲಿ ತಾನೇ ಬೀಳಲಿ, ಎಲ್ಲವೂ ಕೈಗಾಡಿಯೇ. ನಿಮ್ಮ ಕಾಲದಲ್ಲಿ ಆ ಮಾತಿಗೆ ತರಕಾರಿ ಮಾರುವ ತಳ್ಳುಗಾಡಿ ಎಂಬ ಅರ್ಥವಿತ್ತೆಂದು ಕೇಳಿದ್ದೇನೆ. ನಿಮಗೆ ಅವಮಾನವೆನಿಸಿದರೆ ನನಗೇನೂ ಬೇಸರವಿಲ್ಲ.

ನೀಲಗಂಗಾ ಹೊಸಮನಿ ನಿಮಗೆ ಗೊತ್ತಿರುವವರೇ. ಗೋಕುಲ ರಸ್ತೆಯಲ್ಲಿ ಸ್ವಂತ ಗ್ಯಾರೇಜು, ಕೆಂಪು ಬಣ್ಣದ ಎರಡು ಬಾಗಿಲಿನ ರೇಸ್ ಕಾರು. ಮಣ್ಣಿನ ಹಾದಿಯಲ್ಲಿ ನಿಮ್ಮನ್ನು ಎಷ್ಟೋ ಸಲ ಹಿಂದೆ ಹಾಕಿದವರು. ಗದಗ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಡಿದು ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಜೋಮು ಹಿಡಿದು ಹೋಯಿತು. ಕ್ಲಚ್ ಒತ್ತಿದರೆ ಒತ್ತಿದ್ದೇ ತಿಳಿಯದು. ಕಾರು ಮಾರಿಬಿಡು ಎಂದು ಎಲ್ಲರೂ ಹೇಳಿದರು. ಅವರು ಮಾರಲಿಲ್ಲ. ಗುಜರಿಗೆ ಬಂದ ದೊಡ್ಡ ಕಾರೊಂದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದರು. ಅದು ಹಳೆಯದಕ್ಕಿಂತ ಗೇಣುದ್ದ ಹೆಚ್ಚಿತ್ತು. ನಡುವಿನ ತಗಡು ಕೊಯ್ದು, ಬಡಿದು ಜಾಗ ಮಾಡಿದರು. ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಿದರು. ಎಂಜಿನ್ನಿನ ಕಂಪ್ಯೂಟರು ಹೊಸ ಗೇರ್‌ಬಾಕ್ಸನ್ನು ಗುರುತಿಸದೆ ವಾರಗಟ್ಟಲೆ ಹಟ ಹಿಡಿಯಿತು. ಅದು ಒಪ್ಪಿದ ಮೇಲೆ ಎಣ್ಣೆ ಕಾದು ಸುಟ್ಟ ವಾಸನೆ ಬಂತು. ಎಣ್ಣೆ ತಂಪು ಮಾಡಲು ಇನ್ನೊಂದು ರೇಡಿಯೇಟರು ಕೂಡಿಸಿದರು. ಕೊನೆಗೆ ಬಲಗಾಲೊಂದರಿಂದಲೇ ಕಾರು ಮೊದಲಿನ ವೇಗಕ್ಕೆ ಬಂದಾಗ, ಅವರು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಒಬ್ಬರೇ ಅತ್ತರಂತೆ.

ಆ ಕಾರು ನಾಳೆ ನಿಮ್ಮ ರೇಸಿನ ಬಯಲಿನ ಗೇಟಿಗೆ ಬರುತ್ತದೆ. ಕೂಟದ ಅಧ್ಯಕ್ಷರಾದ ನೀವು ಕಿಟಕಿಯಿಂದ ಬಗ್ಗಿ ನೋಡಿ ಹೀಗೆ ಹೇಳಿದಿರಿ: “ಗೇರು ಹಾಕೂ ಹಂಗಿಲ್ಲದ ಗಾಡಿ ರೇಸಿನ ಗಾಡಿ ಅಲ್ಲವ್ವಾ, ತೊಟ್ಟಿಲ ಅದು. ಮನಿಗೆ ಒಯ್ದು ಕೂಸಿನ್ನ ತೂಗು.”

ಅವರಿಗೆ ಮಕ್ಕಳಿರಲಿಲ್ಲ. ಅದು ನಿಮಗೆ ಗೊತ್ತಿತ್ತು.

“ಅಂಗಡ್ಯಾರ, ಬಾನೆಟ್ ಎತ್ತಿ ಒಮ್ಮೆ ನೋಡ್ರಿ. ಆಮ್ಯಾಲ ಮಾತಾಡೂಣು,” ಎಂದರು ಅವರು.

“ತೊಟ್ಟಿಲದಾಗ ನೋಡೂದೇನೈತಿ?”

ಸುತ್ತ ನಿಂತವರು ನಕ್ಕರು. ನಿಮ್ಮ ಮಾತಿಗೆ ನಗುವುದೇ ಅವರ ಉದ್ಯೋಗವಾಗಿತ್ತು. ನೀಲಗಂಗಾ ಕಾರು ತಿರುಗಿಸಿಕೊಂಡು ಹೋದರು, ಮತ್ತೆಂದೂ ನಿಮ್ಮ ಬಯಲಿಗೆ ಬರಲಿಲ್ಲ. ಮರುವರ್ಷ ಬೆಳಗಾವಿಯವರು ತಮ್ಮ ರೇಸಿನಲ್ಲಿ ಅದೇ ಕಾರಿಗೆ ಜಾಗ ಕೊಟ್ಟರು. ನೀಲಗಂಗಾ ಮೂರನೆಯವರಾಗಿ ಬಂದರು. ಅದನ್ನು ಕಂಡು ಕೈ, ಕಾಲು ಸೋತವರು ತಮ್ಮ ಗಾಡಿಗಳನ್ನು ತಳ್ಳಿಕೊಂಡು ಅವರ ಗ್ಯಾರೇಜಿಗೆ ಬರತೊಡಗಿದರು.

ಇನ್ನು ನಿಮ್ಮ ವಿಷಯ. ಕೆಲವು ವರ್ಷಗಳ ನಂತರ ನಿಮಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಗೇರು ಹಾಕುವ ಕೈಯೂ ಅದೇ, ಕ್ಲಚ್ ಒತ್ತುವ ಕಾಲೂ ಅದೇ. ಕಾರು ಓಡಿಸಲಾಗದೆ ನೀವು ಮನೆಯವರ ಜೀವ ತಿಂದಿರಿ. ಆಟೋಮ್ಯಾಟಿಕ್ ಆದರೆ ಓಡಿಸಬಹುದು ಎಂದು ವೈದ್ಯರು ಹೇಳಿದ ಮೇಲೂ ನೀಲಗಂಗಾ ಅವರ ಎದುರು ನಿಲ್ಲುವ ಧೈರ್ಯ ನಿಮಗೆ ಬರಲಿಲ್ಲ. ಗೌರವ್ವನನ್ನು ಕಳಿಸಿದಿರಿ.

“ಅವರು ನಿಮಗ ಏನಂದಾರ ನನಗ ಗೊತ್ತೈತಿ,” ಎಂದರು ಗೌರವ್ವ, ಗ್ಯಾರೇಜಿನ ಹೊಸಿಲಲ್ಲೇ ನಿಂತು. “ಆದ್ರೂ ಕೇಳಾಕ ಬಂದೀನಿ.”

“ನೀವ್ಯಾಕ ತಲಿ ತಗ್ಗಸ್ತೀರಿ? ಒಳಗ ಬರ್ರಿ, ಚಾ ಕುಡೀರಿ. ಗಾಡಿ ತಂದು ಬಿಡ್ರಿ,” ಎಂದರು ನೀಲಗಂಗಾ.

ನಿಮ್ಮ ಕಾರಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂತಿತು, ಕೆಲಸ ಚೊಕ್ಕವಾಗಿ ಆಯಿತು. ಒಂದೇ ಕೈಯಲ್ಲಿ ತಿರುಗಿಸಲು ಸ್ಟೇರಿಂಗಿಗೆ ಹಿಡಿಕೆಯನ್ನೂ ಕೂಡಿಸಿದ್ದರು. ಬೀಗದಕೈ ಕೊಡುವಾಗ ಅವರು ಗೌರವ್ವನಿಗೆ ಹೇಳಿದ್ದು ಇಷ್ಟು: “ಬ್ರೇಕಿನ ಪೆಡಲ್ ಅಗಲ ಮಾಡೀನ್ರಿ. ಸಾಹೇಬ್ರ ಎಡಗಾಲು ಸುಮ್ಮ ಕುಂದ್ರಲಿ. ಬಾಯಿನೂ ಸ್ವಲ್ಪ ಕುಂದ್ರಲಿ.”

ಬಾಯಿ ಕೂರಲಿಲ್ಲ. ಅದೇ ಕಾರಿನಲ್ಲಿ ಕೂಟದ ಊಟಕ್ಕೆ ಹೋದ ನೀವು ಎಲ್ಲರೆದುರು ಹೇಳಿದಿರಿ: “ಇನ್ನ ಮ್ಯಾಲ ಆಟೋಮ್ಯಾಟಿಕ್ಕನ. ನಾ ಇದನ್ನ ಮೊದಲ ಹೇಳಿದ್ದೆ.” ಯಾರೂ ಅಲ್ಲಗಳೆಯಲಿಲ್ಲ. ಗೌರವ್ವ ಎಲೆ ಬಿಟ್ಟು ಎದ್ದು ಆಟೋ ಹಿಡಿದು ಮನೆಗೆ ಬಂದರು. ನೀವು ಸಾಯುವವರೆಗೂ ಆ ಕಾರಿನಲ್ಲಿ ಅವರು ಕಾಲಿಡಲಿಲ್ಲ.

ನಿಮ್ಮನ್ನು ದಡ್ಡರೆಂದು ತಿಳಿದಿದ್ದರೆ ಕನಿಕರ ಪಡುತ್ತಿದ್ದೆ. ಬಾನೆಟ್ ಎತ್ತಿದ್ದರೆ ಒಂದೇ ನೋಟಕ್ಕೆ ಆ ಕೆಲಸದ ಬೆಲೆ ನಿಮಗೆ ತಿಳಿಯುತ್ತಿತ್ತು. ಅದಕ್ಕೇ ನೀವು ಎತ್ತಲಿಲ್ಲ.

ಈ ಕಾಗದ ನೀಲಗಂಗಾ ಬರುವ ಹಿಂದಿನ ದಿನವೇ ತಲುಪುತ್ತದೆಂದು, ಕಳೆದ ಕಾಲಕ್ಕೆ ಅಂಚೆ ಕಳಿಸುವವರು ಹೇಳಿದ್ದಾರೆ. ನಿಮ್ಮಿಂದ ಒಳ್ಳೆಯತನ ಬೇಡುವುದಿಲ್ಲ, ಇಲ್ಲದ್ದನ್ನು ಬೇಡಬಾರದು. ನಾಳೆ ಜ್ವರವೆಂದು ಹೇಳಿ ಮನೆಯಲ್ಲೇ ಮಲಗಿಬಿಡಿ. ನೀವು ಅಲ್ಲಿಲ್ಲದಿದ್ದರೆ ಗೇಟು ಕಾಯುವವರು ಆ ಕಾರನ್ನು ಸುಮ್ಮನೆ ಒಳಗೆ ಬಿಡುತ್ತಾರೆ. ನಿಮ್ಮ ಜನ್ಮದಲ್ಲಿ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರಕ್ಕೆ ಹಾಸಿಗೆಯಿಂದ ಏಳುವ ಅಗತ್ಯವೂ ಇಲ್ಲ.

ನೇಸರ ಅಂಗಡಿ